ಪಾವು, ಬಟ್ಟಲು, ಗ್ರಾಂ

ಮನೆಯಲ್ಲಿ ಕೇಕು-ಬಿಸ್ಕತ್ತುಗಳನ್ನು ಮಾಡುವ ಹವ್ಯಾಸವು ಈಗ ನಮ್ಮ ಪುಣೆಯಲ್ಲಿಯೂ ಹಬ್ಬಿದೆ. ಪುಸ್ತಕವು 'ಎರಡು ಬಟ್ಟಲು ಮೈದಾ' ಎನ್ನುತ್ತದೆ. ಅಂಗಡಿಯವನು ಕೊಡುವುದು ಅರ್ಧ ಕಿಲೋ ಪೊಟ್ಟಣ. ಅಡುಗೆಮನೆಯಲ್ಲಿರುವುದು ಅಜ್ಜಿಯ ಹಿತ್ತಾಳೆಯ ಪಾವು. ಈ ಮೂರನ್ನು ಹೊಂದಿಸುವ ಕೆಲಸವು ವಿದ್ಯಾರ್ಥಿಗಳಾದ ನಮ್ಮದೇ ಎಂದು ನನ್ನ ಅಭಿಪ್ರಾಯ.

ಬಟ್ಟಲು ಅಳೆಯುವುದು ಗಾತ್ರವನ್ನು, ತಕ್ಕಡಿ ತೂಗುವುದು ಭಾರವನ್ನು. ನೀರಿನಲ್ಲಿ ಇವೆರಡೂ ಹೆಚ್ಚು ಕಡಿಮೆ ಒಂದೇ: ಒಂದು ಮಿಲಿಲೀಟರಿಗೆ ಒಂದು ಗ್ರಾಂ. ಆದರೆ 240 ಮಿಲಿಲೀಟರಿನ ಅದೇ ಬಟ್ಟಲಿನಲ್ಲಿ ಸಕ್ಕರೆಯು ಸುಮಾರು 200 ಗ್ರಾಂ ಹಿಡಿದರೆ, ಹಗುರವಾಗಿ ತುಂಬಿದ ಮೈದಾ ಸುಮಾರು 120 ಗ್ರಾಂ ಮಾತ್ರ. ಹಿಟ್ಟಿನ ಕಣಗಳ ನಡುವೆ ಗಾಳಿಯಿರುವುದೇ ಇದಕ್ಕೆ ಕಾರಣ. ಆದುದರಿಂದ ಬಟ್ಟಲೆಂದರೆ 240 ಗ್ರಾಂ ಎಂದು ಬಗೆದವನು ಹಿಟ್ಟನ್ನು ಇಮ್ಮಡಿ ಸುರಿದಂತಾಯಿತು! ಬಟ್ಟಲನ್ನು ಡಬ್ಬಿಯೊಳಗೆ ಅದುಮಿ ತುಂಬಿಕೊಂಡರಂತೂ ಅದೇ ಮೈದಾ 150 ಗ್ರಾಂ ಆಗಬಹುದು. ಎರಡು ಬಟ್ಟಲಿಗೆ 60 ಗ್ರಾಂ ಹೆಚ್ಚು. ಕೇಕು ಇಟ್ಟಿಗೆಯಾಗಲು ಅಷ್ಟು ಸಾಕು.

'ಕಣ್ಣಳತೆಯಿಂದಲೇ ನಾವು ಇಷ್ಟು ವರ್ಷ ಅಡುಗೆ ಮಾಡಲಿಲ್ಲವೇ?' ಎಂದು ಹಿರಿಯರು ಕೇಳುವರು. ನಿಜ. ಆದರೆ ಸಾರಿಗೆ ಉಪ್ಪು ಸಾಲದಿದ್ದರೆ ಮತ್ತೆ ಹಾಕಬಹುದು. ಒಲೆಯೊಳಗೆ ಹೋದ ಕೇಕನ್ನು ತಿದ್ದಲಾಗದು. ಅಲ್ಲದೆ ಆ ಕಣ್ಣಳತೆ ಅವರ ಕಣ್ಣಿನದು. ಅದು ನಮಗೆ ಬರವಣಿಗೆಯಲ್ಲಿ ದೊರೆಯದಿದ್ದರೆ ಅವರ ಕೋಡುಬಳೆ, ಉಂಡೆಗಳ ಹದವೂ ನಮ್ಮ ಕಾಲಕ್ಕೇ ಮುಗಿಯುವುದು.

ಇಲ್ಲಿ ಪುಣೆಯ ಕನ್ನಡ ಮನೆಗಳಿಗೆ ಬೇರೊಂದು ತೊಡಕುಂಟು. ಮಂಡಿಯಲ್ಲಿ 'ಪಾವ್ ಕಿಲೋ' ಎಂದರೆ 250 ಗ್ರಾಂ. ಎಂಬತ್ತು ತೊಲೆಯ ಹಳೆಯ ಸೇರು ಸುಮಾರು 933 ಗ್ರಾಂ. ಅದರ ಕಾಲುಭಾಗವಾದ ಪಾವಶೇರು ಸುಮಾರು 233 ಗ್ರಾಂ. ಅಜ್ಜಿಯ ಪಾವೋ ತೂಕವೇ ಅಲ್ಲ, ಅದು ಅಳೆಯುವ ಪಾತ್ರೆ. ಊರಿಂದೂರಿಗೆ ಅದರ ಗಾತ್ರವೂ ಬೇರೆ. (ಬೇಕರಿಯ ಪಾವನ್ನು ಈ ಲೆಕ್ಕಕ್ಕೆ ಸೇರಿಸುವುದು ಬೇಡ.) ತೂಕ-ಅಳತೆಗಳ ಶಾಸನವು 1956ರಲ್ಲಿ ಆಗಿ, 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬಂದವು. ಅಂಗಡಿಗಳು ಬದಲಾದವು, ಅಜ್ಜಿಯಂದಿರ ಟಿಪ್ಪಣಿ ಪುಸ್ತಕಗಳು ಬದಲಾಗಲಿಲ್ಲ.

ಮಿತ್ರರೇ, ಈ ರಜೆಯಲ್ಲಿ ಮನೆಯ ಪಾವನ್ನು ತಕ್ಕಡಿಯ ಮೇಲಿರಿಸಿ, ಖಾಲಿ ಪಾತ್ರೆಯ ತೂಕವನ್ನು ಕಳೆದು, ಬಾಯಿಮಟ್ಟ ನೀರು ತುಂಬಿ ತೂಗಿರಿ. ಎಷ್ಟು ಗ್ರಾಮೋ ಅಷ್ಟು ಮಿಲಿಲೀಟರು ಆ ಪಾವಿನ ಗಾತ್ರ. ಪಾವನ್ನು ಚೆನ್ನಾಗಿ ಒರೆಸಿ, ಅಕ್ಕಿ, ರವೆ, ಕಡಲೆಹಿಟ್ಟು, ಬೆಲ್ಲದ ಪುಡಿಗಳನ್ನು ಅಜ್ಜಿಯ ಕೈಯಿಂದಲೇ ತುಂಬಿಸಿ ಒಂದೊಂದಾಗಿ ತೂಗಿರಿ. ನಾವು ತುಂಬಿದರೆ ಅದು ನಮ್ಮ ಅಳತೆಯಾದೀತು, ಅವರದಲ್ಲ. ದೊರೆತ ಅಂಕಿಗಳನ್ನು ಆ ಟಿಪ್ಪಣಿಯ ಅಂಚಿನಲ್ಲಿ ಬರೆಯಿರಿ. 'ಪಾವು' ಎಂಬ ಮಾತನ್ನು ಮಾತ್ರ ಹೊಡೆದುಹಾಕಬೇಡಿರಿ.

ಎಲ್ಲವನ್ನೂ ತೂಗಲೇಬೇಕೆಂಬ ಹಠ ನನಗಿಲ್ಲ. ಹಾಲು-ನೀರುಗಳಿಗೆ ಗೆರೆ ಹಾಕಿದ ಲೋಟ ಸಾಕು. ಸೋಡಾಕ್ಕೆ ಅಳತೆಯ ಚಮಚವೇ ಮೇಲು. ಕಾಲು ಚಮಚ ಸೋಡಾ ಒಂದು ಗ್ರಾಮಿಗಿಂತ ತುಸು ಹೆಚ್ಚು. ಮನೆಯ ತಕ್ಕಡಿಗಳಲ್ಲಿ ಅನೇಕವು ಅಷ್ಟು ಸೂಕ್ಷ್ಮವನ್ನು ತೋರಿಸಲಾರವು.