ವಾಲ್ವಿನ ಭಕ್ತರಿಗೆ ಒಂದು ಮಾತು

ಕಳೆದ ಗಣೇಶೋತ್ಸವಕ್ಕೆ ಮುಂಚೆ ನಾನೊಂದು ಅಪರಾಧ ಮಾಡಿದೆ. ಇಪ್ಪತ್ತೆರಡು ವರ್ಷ ನನ್ನೊಡನೆ ಊರೂರು ಅಲೆದ ವಾಲ್ವ್ ಆಂಪ್ಲಿಫೈಯರನ್ನು ಮನೆಯ ಮೂಲೆಗೆ ಸರಿಸಿ, ಎರಡು ಕಿಲೋ ತೂಗುವ ಡಿಜಿಟಲ್ ಮಾಡೆಲರೊಂದನ್ನು ಚೀಲಕ್ಕೆ ಹಾಕಿಕೊಂಡೆ. ವಾದ್ಯಗೋಷ್ಠಿಗಳಲ್ಲಿ ಗಿಟಾರು ನುಡಿಸಿ ಹೊಟ್ಟೆ ಹೊರೆಯುವವನ ಗಂಟಿನಲ್ಲಿ ಏನಿದ್ದರೆ ಯಾರಿಗೇನು ಎಂದುಕೊಂಡಿದ್ದೆ. ಆದರೆ ನಮ್ಮ ಗಿಟಾರು ಬಳಗಕ್ಕೆ ಅದು ಮತಾಂತರವಾಗಿ ಕಂಡಿತು. “ಏನ್ ಸ್ವಾಮಿ, ಆತ್ಮಾನೇ ಮಾರ್ಕೊಂಡ್ರಲ್ಲ!” ಎಂದರು ಹಿರಿಯ ಮಿತ್ರರೊಬ್ಬರು.

ಆತ್ಮದ ವಿಚಾರ ಹೇಳುವಷ್ಟು ವೇದಾಂತ ನನಗೆ ತಿಳಿಯದು. ನಾದದ ವಿಚಾರ ಮಾತ್ರ ತಿಳಿದಷ್ಟು ಹೇಳುತ್ತೇನೆ.

ಭಕ್ತರು ಪೂಜಿಸುವ ಆ ‘ಬೆಚ್ಚಗಿನ’ ನಾದ ಹುಟ್ಟಿದ್ದೇ ಒಂದು ದೋಷದಿಂದ. ವಾಲ್ವಿಗೆ ತಾಳಲಾರದಷ್ಟು ಸಂಕೇತವನ್ನು ಕೊಟ್ಟರೆ ಅಲೆಯ ನೆತ್ತಿ ಚಪ್ಪಟೆಯಾಗಿ ಸ್ವರದೊಳಗೆ ಹೊಸ ಉಪಸ್ವರಗಳು ಏಳುತ್ತವೆ. ಆಗಿನ ಎಂಜಿನಿಯರುಗಳ ಕಣ್ಣಿಗೆ ಅದು ಕೆಡುಕು. ಅದನ್ನು ಕಡಿಮೆಮಾಡುವುದಕ್ಕೇ ಅವರು ಹೆಣಗುತ್ತಿದ್ದರು. ನುಡಿಸುವ ಹುಡುಗರು ಆ ಕೆಡುಕನ್ನೇ ಬಯಸಿದರು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ ಆ ಒಡಕುದನಿ ಪಡೆದನೆಂಬುದು ಈಗ ಪುರಾಣವಾಗಿಬಿಟ್ಟಿದೆ. ಅಂದು ಸಂಪ್ರದಾಯವನ್ನು ಸೀಳಿದವರ ಹೆಸರಿನಲ್ಲಿ ಇಂದು ಮಡಿ ಕಾಯುವವರನ್ನು ಕಂಡರೆ ನಗು ಬರುತ್ತದೆ.

ಇನ್ನು ‘ನಕಲು’ ಎಂಬ ಬೈಗುಳ. ಮಾಡೆಲರು ನಿಜವಾದ ಆಂಪ್‌ಗಳ ಗುಣವನ್ನು ಲೆಕ್ಕದಿಂದ ಅನುಕರಿಸುತ್ತದೆ, ನಿಜ. ಗಿಟಾರಿನ ಸಂಕೇತವನ್ನು ಸೆಕೆಂಡಿಗೆ 48,000 ಸಲವೋ ಅದಕ್ಕೂ ಹೆಚ್ಚು ಸಲವೋ ಅಳೆದು, ವಾಲ್ವು ಏನು ಮಾಡುತ್ತಿತ್ತೋ ಅದನ್ನು ಎಣಿಸಿ ಹೊರಕ್ಕೆ ಬಿಡುತ್ತದೆ. ಆದರೆ ಮಹಾಶಯರೇ, ನೀವು ಕೈಮುಗಿಯುವ ಮಾರ್ಷಲ್ ಆಂಪ್ ಏನು? ಲಂಡನ್ನಿನಲ್ಲಿ ಡ್ರಮ್ಮಿನ ಅಂಗಡಿಯಿಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ತನ್ನವರೊಡನೆ ಸೇರಿ ಕಟ್ಟಿದ ಮೊದಲ ಆಂಪ್, ಅಮೆರಿಕದ ಫೆಂಡರ್ ಬಾಸ್‌ಮನ್ನಿನ ಸರ್ಕೀಟನ್ನೇ ಸ್ವಲ್ಪ ಹೆಚ್ಚುಕಡಿಮೆಮಾಡಿ ಅನುಸರಿಸಿದ್ದು. ಅರವತ್ತು ವರ್ಷ ಕಳೆದರೆ ನಕಲೂ ಮೂಲವಾಗುತ್ತದೆಯೆಂದಾದರೆ, ನನ್ನ ಪೆಟ್ಟಿಗೆಗೂ ಅಷ್ಟು ಕಾಲಾವಕಾಶ ಕೊಡುವುದು ನ್ಯಾಯ. ಆ ಫೆಂಡರ್ ಕಂಪನಿಯೇ 2019ರಲ್ಲಿ ತನ್ನ ಪ್ರಸಿದ್ಧ ಟ್ವಿನ್ ರಿವರ್ಬ್ ಆಂಪಿಗೆ ಡಿಜಿಟಲ್ ರೂಪವೊಂದನ್ನು ಹೊರತಂದಿತು. ವಾಲ್ವಿನ ಟ್ವಿನ್ನಿನ ತೂಕ ಸುಮಾರು 29 ಕಿಲೋ; ಇದರದು ಹೆಚ್ಚುಕಡಿಮೆ ಅದರ ಅರ್ಧ.

‘ಬೆರಳಿಗೂ ನಾದಕ್ಕೂ ನಡುವೆ ತಡವಾಗುತ್ತದೆ’ ಎಂಬುದು ಮತ್ತೊಂದು ಆಕ್ಷೇಪಣೆ. ಒಳ್ಳೆಯ ಮಾಡೆಲರಿನಲ್ಲಿ ಆ ತಡ ಕೆಲವೇ ಮಿಲಿಸೆಕೆಂಡು. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಗಾಳಿಯಲ್ಲಿ ಸಾಗುವುದು ಸುಮಾರು 34 ಸೆಂಟಿಮೀಟರು. ನಿಮ್ಮ ಆಂಪಿನಿಂದ ಎರಡು ಮೀಟರು ದೂರ ನಿಂತರೆ ಆರು ಮಿಲಿಸೆಕೆಂಡು ತಡವಾಗುತ್ತದೆ. ಅಲ್ಲಿ ಯಾರೂ ಆತ್ಮಕ್ಕಾಗಿ ಅತ್ತದ್ದನ್ನು ನಾನು ಕಂಡಿಲ್ಲ. ಹಳೆಯ ಮಾಡೆಲರುಗಳು, ಅಂದರೆ 1998ರಲ್ಲಿ ಬಂದ ಅವರೆಕಾಳಿನ ಆಕಾರದ ಕೆಂಪು ಪಾಡ್ ಮೊದಲಾದವು, ಬೆರಳಿನ ಮೃದು ಕಠಿಣಗಳಿಗೆ ಸರಿಯಾಗಿ ಮಣಿಯುತ್ತಿರಲಿಲ್ಲ, ಒಪ್ಪುತ್ತೇನೆ. ಅಂದಿನ ತೀರ್ಪನ್ನೇ ಇಂದಿಗೂ ಓದುತ್ತಿರುವುದು ಮಾತ್ರ ವಿಮರ್ಶೆಯಲ್ಲ.

ನಾನು ಬದಲಾದದ್ದು ವಾದದಿಂದಲೂ ಅಲ್ಲ. ಹಾಸನದ ಕಡೆಯ ಒಂದು ಊರಿನಲ್ಲಿ ಕಾರ್ಯಕ್ರಮ. ಜನರೇಟರಿನ ವೋಲ್ಟೇಜು ಏರಿಳಿಯುತ್ತಿತ್ತು. ಎರಡನೆಯ ಹಾಡಿನ ನಡುವೆ ನನ್ನ ಆಂಪಿನ ವಾಲ್ವೊಂದು ಕೆಂಡದಂತೆ ಕೆಂಪಾಯಿತು, ಫ್ಯೂಸು ಹಾರಿತು. ಉಳಿದ ರಾತ್ರಿಯೆಲ್ಲ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಬೊಂಬೆಯಂತೆ ನಿಂತಿದ್ದೆ. ಬೆಳಗಿನ ಜಾವ ಆ ಸತ್ತ ಭಾರವನ್ನು ವ್ಯಾನಿಗೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಮೂರು ವಾರ ಹಾಸಿಗೆ, ನಾಲ್ಕು ಕಾರ್ಯಕ್ರಮ ಕೈಬಿಟ್ಟವು. ಆತ್ಮವನ್ನು ಹೊತ್ತು ತಿರುಗುವುದಕ್ಕೂ ಒಂದು ಸೊಂಟ ಬೇಕಲ್ಲ!

ಇಷ್ಟು ಹೇಳಿದ ಮೇಲೆ ನಾನು ಪೆಟ್ಟಿಗೆಯ ವಕೀಲನೆಂದು ಯಾರೂ ತಿಳಿಯಬಾರದು. ಭಕ್ತರ ಮೇಲೆ ನನ್ನ ನಿಜವಾದ ಸಿಟ್ಟು ಬೇರೆಯೇ ಇದೆ. ಅವರು ಸೋಲುವ ಕಡೆ ನಿಂತು ಜಗಳವಾಡುತ್ತಾರೆ. ಗೆಲ್ಲಬಹುದಾದ ಕಡೆ ಬಾಯಿ ಬಿಡುವುದಿಲ್ಲ.

ನನ್ನ ಹಳೆಯ ಆಂಪನ್ನು ರಿಪೇರಿ ಮಾಡುತ್ತಿದ್ದವರು ರೇಡಿಯೋ ಕಾಲದ ಒಬ್ಬ ಮುದುಕರು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ವಾಲ್ವುಗಳನ್ನು ತಯಾರಿಸತೊಡಗಿದ ಮೇಲೆ ಈ ಊರಿನಲ್ಲಿ ಆ ವಿದ್ಯೆಗೆ ಕೊರತೆಯಿರಲಿಲ್ಲ. ಅವರು ಹಲಗೆ ಬಿಚ್ಚಿ, ನಕ್ಷೆ ಹರಡಿ, ಮೂಗಿನಿಂದ ವಾಸನೆ ನೋಡಿಯೇ ಸುಟ್ಟ ರೆಸಿಸ್ಟರನ್ನು ಹುಡುಕುತ್ತಿದ್ದರು. ಈಗ ವಾಲ್ವು ಬರುವುದು ಹೆಚ್ಚಾಗಿ ರಷ್ಯ, ಸ್ಲೊವಾಕಿಯ, ಚೀನಗಳ ಬೆರಳೆಣಿಕೆಯ ಕಾರ್ಖಾನೆಗಳಿಂದ. 2022ರಲ್ಲಿ ರಷ್ಯ ರಫ್ತಿಗೆ ತಡೆ ಹಾಕಿದಾಗ ಬೆಲೆ ಏರಿತು. ಆದರೂ ವಾಲ್ವು ಸಿಕ್ಕುವವರೆಗೆ ಆ ಆಂಪ್ ಸಾಯುವುದಿಲ್ಲ. ಅದರ ಒಳಗುಟ್ಟು ಬಲ್ಲ ಯಾರಾದರೂ ಬದುಕಿಸಬಹುದು.

ಡಿಜಿಟಲ್ ಪೆಟ್ಟಿಗೆಯ ಗತಿ ಹಾಗಲ್ಲ. ಹಿಂದೊಮ್ಮೆ ನಾನು ಅಭ್ಯಾಸಕ್ಕೆಂದು ಕೊಂಡಿದ್ದ ಸಣ್ಣ ಡಿಜಿಟಲ್ ಯಂತ್ರವೊಂದರ ತಿರುಗುಣಿ ಮುರಿಯಿತು. ಅಂಗೈಯಷ್ಟಿಲ್ಲದ ಒಂದು ಬಿಡಿಭಾಗ! “ಅದು ಬರಲ್ಲ ಸಾರ್, ಬೋರ್ಡೇ ಬದಲಾಯಿಸ್ಬೇಕು; ಬೋರ್ಡೂ ಈಗ ಬರಲ್ಲ, ಹೊಸದು ತೊಗೊಳ್ಳಿ” ಎಂದರು. ನಕ್ಷೆ ಕೇಳಿದೆ, ನಕ್ಕರು. ನಾದ ಸರಿಯಾಗಿದೆ, ನಾನು ಸರಿಯಾಗಿದ್ದೇನೆ, ತಿರುಗುಣಿಯೊಂದರಿಂದಾಗಿ ಇಡೀ ಯಂತ್ರ ಕಸವಾಯಿತು. ಸಾಲ ಮಾಡಿ ಮೊದಲ ಪೆಟ್ಟಿಗೆ ಕೊಳ್ಳುವ ಸಣ್ಣ ಊರಿನ ಹುಡುಗನನ್ನು ನೆನೆದುಕೊಳ್ಳಿ. ಅವನಿಗೆ ಬೇಕಾದದ್ದು ‘ಆತ್ಮ’ದ ಉಪದೇಶವಲ್ಲ. ಹತ್ತು ವರ್ಷ ಬಾಳುವ ಯಂತ್ರ, ಕೆಟ್ಟರೆ ಸಿಕ್ಕುವ ಬಿಡಿಭಾಗ, ಬಿಚ್ಚಿ ನೋಡಬಲ್ಲ ನಕ್ಷೆ.

ನಾದ ನಕಲಾಗಬಲ್ಲದು, ಆಗಿದೆ. ನಕಲಾಗದೆ ಉಳಿದದ್ದು ರಿಪೇರಿಯ ಧರ್ಮ. ಆಂಪಿನಿಂದ ಎಲ್ಲವನ್ನೂ ಕಲಿತ ಕಂಪನಿಗಳು ಅದೊಂದನ್ನು ಮಾತ್ರ ಕಲಿಯಲಿಲ್ಲ. ಅದನ್ನು ಕೇಳುವ ಬಾಯಿಗಳೆಲ್ಲ ನಮ್ಮಲ್ಲಿ ‘ಬೆಚ್ಚಗಿನ ನಾದ’ವನ್ನು ವರ್ಣಿಸುವುದರಲ್ಲಿ ಮುಳುಗಿವೆ.

ನಾನು ಹಳೆಯ ಆಂಪಿಗೆ ಮರಳುವವನಲ್ಲ, ಸೊಂಟ ಬಿಡುವುದಿಲ್ಲ. ಆದರೂ ಅದನ್ನು ಮಾರಿಲ್ಲ. ವಾಲ್ವೊಂದು ಸಿಕ್ಕರೆ ನನ್ನ ಮಗಳು ಕೂಡ ಅದನ್ನು ರಿಪೇರಿ ಮಾಡಿಸಬಲ್ಲಳು. ಹೊಸ ಪೆಟ್ಟಿಗೆಯ ಬಗ್ಗೆ ಆ ಭರವಸೆ ಕೊಡಲಾರೆ. ಜಗಳವಾಡುವುದೇ ಆದರೆ ಈ ವಿಷಯಕ್ಕೆ ಆಡೋಣ, ಬನ್ನಿ. ನಾನು ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ.