ಕಂಬಳಿ ಕೊಟ್ಟಾಯ್ತು, ಜಾಗ ಯಾರು ಕೊಡ್ತಾರೆ?

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಲ್ಲಿ ಕಂಬಳಿ ಹಂಚೋ ಸೀಸನ್ ಶುರು. ಆಫೀಸ್ ಟೀಮ್‌ಗಳು, ಕಾಲೇಜು ಗೆಳೆಯರ ಬಳಗಗಳು ರಾತ್ರಿ ಹನ್ನೊಂದರ ಮೇಲೆ ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್ ಕಡೆ ಹೊರಟು, ಮಲಗಿದವರಿಗೆ ಹೊದಿಸಿ ಬರ್ತಾರೆ. ಒಳ್ಳೇ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬೆಳಗ್ಗೆ ಎದ್ದು ಕೂಲಿಗೆ ಹೋಗುವಾಗ ಆ ಕಂಬಳಿಯನ್ನು ಅವರು ಎಲ್ಲಿಡಬೇಕು? ಫುಟ್‌ಪಾತಿಗೆ ಬೀರು ಇಲ್ಲ, ಬೀಗ ಇಲ್ಲ. ಸಂಜೆ ಬರುವಷ್ಟರಲ್ಲಿ ಕಂಬಳಿ ಇದ್ರೆ ಅದೃಷ್ಟ.

ಬೀದಿಯಲ್ಲಿ ಮಲಗೋರೆಲ್ಲ ಭಿಕ್ಷೆ ಬೇಡೋರು ಅನ್ನೋ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. ಅವರಲ್ಲಿ ಎಷ್ಟೋ ಜನ ಕೆಲಸಗಾರರು. ಮಾರ್ಕೆಟ್ಟಿನಲ್ಲಿ ಮೂಟೆ ಹೊರೋರು, ಹಳೇ ಪೇಪರ್ ಆಯೋರು, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದೋರು, ಕೇಟರಿಂಗ್ ಹುಡುಗರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಹೇಳ್ತೀವಲ್ಲ, ಆ ಮನೆ ಕಟ್ಟಿದ ಕೈ, ಆ ಮದುವೆಯಲ್ಲಿ ಬಡಿಸಿದ ಕೈ ರಾತ್ರಿ ಅಂಗಡಿ ಮುಂದೆ ತಲೆದಿಂಬಾಗಿರುತ್ತೆ. ಬಾಡಿಗೆ ರೂಮು ಹಿಡೀಬಾರದಾ ಅಂತ ಕೇಳಬಹುದು. ಹತ್ತು ತಿಂಗಳ ಅಡ್ವಾನ್ಸ್ ಕೇಳಿದಾಗ ಸಂಬಳದವರಾದ ನಮಗೇ ಎದೆ ಧಸಕ್ ಅನ್ನುತ್ತೆ. ದಿನಗೂಲಿಯವರ ಪಾಡೇನು?

ಇಷ್ಟಕ್ಕೂ ಆಶ್ರಯತಾಣ ಅನ್ನೋದು ಯಾರೋ ಕರುಣೆಯಿಂದ ಕೊಡುವ ದಾನ ಅಲ್ಲ. ಫುಟ್‌ಪಾತ್‌ ನಿವಾಸಿಗಳು ಅಲ್ಲಿರೋದು ಅವರ ದುಡಿಮೆ ಅದರ ಹತ್ತಿರ ಇದೆ ಅಂತಲೇ, ಮತ್ತು ಜೀವನೋಪಾಯದ ಹಕ್ಕು ಬದುಕುವ ಹಕ್ಕಿನ ಭಾಗ. ಹೀಗಂತ ಸುಪ್ರೀಂ ಕೋರ್ಟ್ 1985ರಲ್ಲೇ, ಮುಂಬೈನ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಹೇಳಿತ್ತು. ಆದರೂ ನೋಟಿಸ್ ಕೊಟ್ಟು ತೆರವು ಮಾಡೋದನ್ನು ಅದು ತಡೆಯಲಿಲ್ಲ. 2009ರ ಡಿಸೆಂಬರ್ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ಆಶ್ರಯತಾಣವನ್ನು ಅಲ್ಲಿನ ಪಾಲಿಕೆ ಕೆಡವಿದಾಗ ವಿಷಯ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯ್ತು. ಆಹಾರದ ಹಕ್ಕಿನ ಪ್ರಕರಣದ ಜೊತೆಗೇ 2010ರಲ್ಲಿ ಕೋರ್ಟ್ ದೇಶದ ದೊಡ್ಡ ನಗರಗಳಿಗೆಲ್ಲ ಅನ್ವಯಿಸುವಂತೆ ಹೇಳಿತು: ಪ್ರತಿ 1 ಲಕ್ಷ ಜನಸಂಖ್ಯೆಗೆ ಒಂದು ಆಶ್ರಯತಾಣ, ದಿನದ 24 ಗಂಟೆ, ವರ್ಷವಿಡೀ.

ಲೆಕ್ಕ ಹಾಕಿ. 2011ರ ಜನಗಣತಿ ಪ್ರಕಾರ ಬೆಂಗಳೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ಅಂದ್ರೆ ಆಗಲೇ 84 ಆಶ್ರಯತಾಣ ಬೇಕಿತ್ತು. ಆಮೇಲೆ ಊರು ಎಷ್ಟು ಬೆಳೀತು ಅಂತ ನಾವು ದಿನಾ ಟ್ರಾಫಿಕ್ಕಿನಲ್ಲಿ ಕೂತು ನೋಡ್ತಿದ್ದೀವಿ.

2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಇನ್ನೂ ಸ್ಪಷ್ಟವಾಗಿತ್ತು. ಒಬ್ಬರಿಗೆ ಕನಿಷ್ಠ 50 ಚದರ ಅಡಿ, ಕುಡಿಯುವ ನೀರು, ಶೌಚಾಲಯ, ಅಡುಗೆಗೆ ಜಾಗ, ಸಾಮಾನಿಗೆ ಲಾಕರ್. ಎಂಟು ಗಂಟೆಯ ಪಾಳಿಯಲ್ಲಿ ಕನಿಷ್ಠ ಮೂವರು ಮೇಲ್ವಿಚಾರಕರು. ಎಲ್ಲಕ್ಕಿಂತ ಮುಖ್ಯವಾಗಿ, ಆದಷ್ಟೂ ಅವರು ಇರುವ ಮತ್ತು ದುಡಿಯುವ ಜಾಗಕ್ಕೆ ಹತ್ತಿರ. ಊರಾಚೆ ಎಲ್ಲೋ ಕಟ್ಟಿದ್ರೆ, ಬೆಳಗಿನ ಜಾವ ಮೂರಕ್ಕೆ ಲಾರಿ ಇಳಿಸೋನು ಅಲ್ಲಿಂದ ಮಾರ್ಕೆಟ್ಟಿಗೆ ಯಾವ ಬಸ್ಸಿನಲ್ಲಿ ಬರಬೇಕು?

ಗಂಟು ಬೀಳೋದು ಇಲ್ಲೇ. ಹತ್ತಿರ ಅಂದ್ರೆ ಯಾರ ಹತ್ತಿರ? ನಮ್ಮ ಹತ್ತಿರ. ನಾನಿರುವ ಬಡಾವಣೆಯಲ್ಲಿ ಖಾಲಿ ಬಿದ್ದಿದ್ದ ಸರ್ಕಾರಿ ಕಟ್ಟಡದಲ್ಲಿ ನೈಟ್ ಶೆಲ್ಟರ್ ಮಾಡ್ತಾರಂತೆ ಅಂತ ಸುದ್ದಿ ಹಬ್ಬಿದಾಗ ವಾಟ್ಸಾಪ್ ಗ್ರೂಪ್ ಹೊತ್ತಿಕೊಳ್ತು. ಕುಡುಕರು ಬರ್ತಾರೆ, ಕಳ್ಳತನ ಆಗುತ್ತೆ, ಫ್ಲ್ಯಾಟಿನ ರೇಟು ಬೀಳುತ್ತೆ. ಕಂಬಳಿಗೆ ಧಾರಾಳವಾಗಿ ದುಡ್ಡು ಹಾಕಿದವರೂ ಅದರಲ್ಲಿದ್ರು. ಊರಿಗೆಲ್ಲ ಬೇಕು, ನಮ್ಮ ಬೀದಿಗೆ ಬೇಡ.

ಆ ಭಯವನ್ನು ನಾನು ಗೇಲಿ ಮಾಡಲ್ಲ. ನೋಡಿಕೊಳ್ಳೋರಿಲ್ಲದ ಶೆಲ್ಟರ್ ಅಕ್ಕಪಕ್ಕದವರಿಗೂ ಕಷ್ಟ, ಒಳಗಿರೋರಿಗಂತೂ ಇನ್ನೂ ಕಷ್ಟ. ಆದ್ರೆ ಅದಕ್ಕೆ ಉತ್ತರ ಶೆಲ್ಟರೇ ಬೇಡ ಅನ್ನೋದಲ್ಲ. ಮೂವರು ಮೇಲ್ವಿಚಾರಕರು ಎಲ್ಲಿ, ಹೆಂಗಸರಿಗೆ, ಕುಟುಂಬಗಳಿಗೆ ಬೇರೆ ವ್ಯವಸ್ಥೆ ಎಲ್ಲಿ ಅಂತ ಕೇಳಬೇಕಾದವರು ನಾವೇ. ಈ ಜನ ಈಗಾಗಲೇ ನಮ್ಮ ಬೀದಿಯ ಮೆಡಿಕಲ್ ಶಾಪ್ ಮುಂದೆ ಮಲಗ್ತಿದ್ದಾರೆ. ಶೆಲ್ಟರ್ ಬಂದ್ರೆ ಅವರಿಗೆ ಒಂದು ಬಾಗಿಲು ಸಿಗುತ್ತೆ, ಅಷ್ಟೇ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಉಪಕರ ಇದೆ. ಬಾಡಿಗೆ ಮನೆಯಲ್ಲಿದ್ರೂ ಸುತ್ತಿ ಬಳಸಿ ಅದು ನಮ್ಮ ಜೇಬಿಂದಲೇ ಹೋಗುತ್ತೆ. ಬೀದಿಯಿಂದ ಕರೆದೊಯ್ದು ಕೇಂದ್ರದಲ್ಲಿ ಇರಿಸೋಕೆ ಹೀಗೆ ಖಾಯಂ ಆದಾಯದ ದಾರಿ ಇದೆ. ದುಡಿಯೋ ಜಾಗದ ಪಕ್ಕ ಒಂದು ಮಂಚ ಕೊಡೋಕೂ ಅಷ್ಟೇ ಗಟ್ಟಿಯಾದ ದಾರಿ ಕೇಳೋದು ತಪ್ಪಾ?

ಆಶ್ರಯತಾಣವೇ ಕೊನೆ ನಿಲ್ದಾಣವೂ ಆಗಬಾರದು. ಅಲ್ಲಿಂದ ಒಂದು ಪುಟ್ಟ ಬಾಡಿಗೆ ರೂಮಿಗೆ ಹತ್ತೋಕೆ ಮೆಟ್ಟಿಲು ಬೇಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತೆ. ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿಸಿಕೊಂಡರಷ್ಟೇ ಜಾರಿ. ಈ ಬೇಡಿಕೆಯಲ್ಲಿ ನಾವೂ ಅವರೂ ಒಂದೇ ಸಾಲಿನಲ್ಲಿ ನಿಂತಿದ್ದೀವಿ.

ಹಾಗಾದ್ರೆ ಏನು ಮಾಡೋದು? ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ: ನಮ್ಮ ಪಾಲಿಕೆಯಲ್ಲಿ ಆಶ್ರಯತಾಣ ಎಷ್ಟು, ಎಲ್ಲೆಲ್ಲಿ, ಎಷ್ಟು ಜನಕ್ಕೆ, ಹಗಲೂ ತೆರೆದಿರುತ್ತಾ? ವಾರ್ಡ್ ಸಮಿತಿ ಸಭೆ ನಡೆದರೆ ಹೋಗಿ ಕೂತು, ಖಾಲಿ ಇರುವ ಸರ್ಕಾರಿ ಕಟ್ಟಡ ಯಾವುದು ಅಂತ ಹೆಸರಿಟ್ಟು ಹೇಳಿ. ಸಭೆ ನಡೀತಿಲ್ಲ ಅಂದ್ರೆ ಯಾಕೆ ನಡೀತಿಲ್ಲ ಅಂತ ಪತ್ರ ಬರೀರಿ. ಒಂದು ಪತ್ರ ಫೈಲಿನಲ್ಲಿ ಕಳೆದುಹೋಗಬಹುದು, ಒಂದೇ ವಾರ್ಡಿನ ಐವತ್ತು ಪತ್ರ ಕಳೆಯೋದು ಅಷ್ಟು ಸುಲಭ ಅಲ್ಲ.

ಬೇಡ ಅನ್ನೋರ ಸಹಿ ಯಾವತ್ತೂ ಒಂದೇ ಸಂಜೆಯಲ್ಲಿ ಸಿಕ್ಕಿಬಿಡುತ್ತೆ. ಬೇಕು ಅನ್ನೋರ ಸಹಿ ಈ ಸಲ ಅದಕ್ಕಿಂತ ಮುಂಚೆ ತಲುಪಲಿ.