ಟಾರ್ಪಾಲು ಟ್ರ್ಯಾಕ್ಟರ್ ಮೇಲಲ್ಲ, ಕೆಳಗೆ ಹಾಕಿ



ಮೇ ತಿಂಗಳ ಕೊನೆ ಬಂತು ಅಂದ್ರೆ ನಮ್ಮ ಮಲೆನಾಡಲ್ಲಿ ಎಲ್ಲರ ಮನೆಯಲ್ಲೂ ಒಂದೇ ಗಡಿಬಿಡಿ. ಕಟ್ಟಿಗೆ ಒಳಗೆ ಹಾಕ್ಬೇಕು, ಸೋಗೆ ಒಟ್ಟಬೇಕು, ಮೈಲುತುತ್ತ ಸುಣ್ಣ ತರಬೇಕು. ಈ ಗಡಿಬಿಡಿಯಲ್ಲಿ ಒಂದು ಕೆಲಸ ಮಾತ್ರ ಕೊನೆಗೆ ಉಳಿಯುತ್ತೆ. ಅದು ಟ್ರ್ಯಾಕ್ಟರ್ ನಿಲ್ಲಿಸೋದು. ಮೊದಲ ಜೋರು ಮಳೆ ಬಿದ್ದ ದಿನ ಓಡಿ ಹೋಗಿ ಒಂದು ನೀಲಿ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, "ಆಯ್ತು, ಇನ್ನು ಅಕ್ಟೋಬರಿಗೆ ನೋಡೋಣ" ಅಂತ ಬಂದುಬಿಡ್ತೀವಿ. ನಾನೂ ಹಾಗೇ ಮಾಡಿದ್ದೆ. ಅದರ ಬೆಲೆ ನಲವತ್ತೊಂದು ಸಾವಿರ ರೂಪಾಯಿ.

ನಮ್ಮನೇಲಿ ಇರೋದು ಅಜ್ಜ ತಗೊಂಡಿದ್ದ ಎಚ್‌ಎಂಟಿ ಜೀಟರ್ 2511. ಎರಡು ಸಿಲಿಂಡರ್, 25 ಎಚ್‌ಪಿ. ಗೊಬ್ಬರ, ಮಣ್ಣು, ಅಡಿಕೆ ಗೊನೆ ಎಲ್ಲ ಹೊತ್ತಿದ್ದು ಇದೇ ಗಾಡಿ. ಎಚ್‌ಎಂಟಿ 1971ರಲ್ಲಿ ಟ್ರ್ಯಾಕ್ಟರ್ ಶುರು ಮಾಡಿತ್ತು, 2016ರಲ್ಲಿ ಆ ವಿಭಾಗವನ್ನೇ ಮುಚ್ಚೋ ತೀರ್ಮಾನ ಆಯ್ತು. ಅಂದ್ರೆ ಇಂಥ ಗಾಡಿ ಹಾಳಾದ್ರೆ ಶೋರೂಮಿಗೆ ಹೋಗಿ ಪಾರ್ಟ್ ತರೋ ಕಾಲ ಮುಗೀತು. ಹಳೇ ಗಾಡಿ ಬಿಚ್ಚಿ ಮಾರೋರ ಹತ್ರ ಹುಡುಕ್ಬೇಕು.

ನಾನು ಬೆಂಗಳೂರು ಬಿಟ್ಟು ಊರಿಗೆ ಬಂದ ಮೊದಲ ವರ್ಷ. ಅಪ್ಪ ಮೂವತ್ತು ವರ್ಷದಿಂದ ಈ ಟ್ರ್ಯಾಕ್ಟರನ್ನ ಅಂಗಳದ ಅಂಚಿನ ತಗಡಿನ ಮಾಡಿನ ಕೆಳಗೆ, ಮೂರು ಕಡೆ ಗೋಡೆನೇ ಇಲ್ಲದ ಜಾಗದಲ್ಲಿ ನಿಲ್ಲಿಸ್ತಿದ್ರು. ನನಗೆ ನೋಡೋಕೆ ಬೇಜಾರಾಯ್ತು. ಮೊಬೈಲಲ್ಲಿ ವಿಡಿಯೋ ನೋಡಿದೆ. ಹೊರದೇಶದವರು ಹಳೇ ಕಾರು, ಹಳೇ ಟ್ರ್ಯಾಕ್ಟರನ್ನ ಚಳಿಗಾಲಕ್ಕೆ ಮುಚ್ಚಿದ ಕೊಟ್ಟಡಿಯಲ್ಲಿಟ್ಟು, ಕವರ್ ಹಾಕಿ ಎಷ್ಟು ಚಂದ ಕಾಪಾಡ್ತಾರೆ! ನಾನೂ ಗಾಡೀನ ಕೊಟ್ಟಿಗೆ ಪಕ್ಕದ ಮುಚ್ಚಿದ ಕೋಣೆಗೆ ತಂದು, ಮಣ್ಣಿನ ನೆಲದ ಮೇಲೆ ನಿಲ್ಲಿಸಿ, ಟಾರ್ಪಾಲು ಸುತ್ತಿ ಗಟ್ಟಿಯಾಗಿ ಕಟ್ಟಿದೆ. ಪಕ್ಕದಲ್ಲೇ ಯೂರಿಯಾ, ಪೊಟ್ಯಾಶ್ ಚೀಲ.

ಅಕ್ಟೋಬರಲ್ಲಿ ಬಿಚ್ಚಿದಾಗ ಟಾರ್ಪಾಲಿನ ಒಳಮೈ ತುಂಬ ನೀರ ಹನಿ. ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಏರ್ ಕ್ಲೀನರ್ ಒಳಗೆ ಇಲಿ ಗೂಡು, ವೈರಿಂಗ್ ಅರ್ಧ ಖಾಲಿ. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು, ಅದು ಪಂಪಿಗೂ ಹೋಗಿತ್ತು. ಕ್ಲಚ್ ಬಿಡಿಸೋಕೆ ಮೆಕ್ಯಾನಿಕ್ ಟ್ರ್ಯಾಕ್ಟರನ್ನ ನಡುವೆ ಬಿಚ್ಚಿ ಎರಡು ಭಾಗ ಮಾಡ್ಬೇಕಾಯ್ತು. ಅಪ್ಪ ಬೈಲಿಲ್ಲ. "ನಿಂಗೆ ಪ್ರೀತಿ ಸ್ವಲ್ಪ ಜಾಸ್ತಿ ಆಯ್ತು ಮಾರಾಯ" ಅಂದ್ರು, ಅಷ್ಟೆ. ಬೈದಿದ್ರೇ ವಾಸಿ ಇತ್ತು.

ಅವರ ಚಳಿಗಾಲ ಬೇರೆ, ನಮ್ಮ ಮಳೆಗಾಲ ಬೇರೆ

ತಪ್ಪು ವಿಡಿಯೋದಲ್ಲಿ ಇರಲಿಲ್ಲ. ಅದು ನಮಗಾಗಿ ಮಾಡಿದ್ದಲ್ಲ, ಅಷ್ಟೆ. ಅವರ ಭಯ ರೇಡಿಯೇಟರ್ ನೀರು ಹೆಪ್ಪುಗಟ್ಟಿ ಇಂಜಿನ್ ಬ್ಲಾಕ್ ಒಡೆಯೋದು. ನಮ್ಮ ಭಯ ತೇವ. ಗಾಳಿಯ ತೇವಾಂಶ ನೂರಕ್ಕೆ ಸುಮಾರು 60 ದಾಟಿದ್ರೆ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತೆ. ಜುಲೈಯಲ್ಲಿ ನಮ್ಮಲ್ಲಿ ಅದು 90ರ ಮೇಲೇ ಇರೋ ದಿನಗಳೇ ಜಾಸ್ತಿ.

ತಣ್ಣೀರು ತುಂಬಿದ ಸ್ಟೀಲ್ ಚೊಂಬು ಹೊರಗಡೆ ಬೆವರೋದು ನೋಡಿದೀರಲ್ವಾ? ಟ್ರ್ಯಾಕ್ಟರ್ ಕೂಡ ಹಾಗೇ. ರಾತ್ರಿ ಕಬ್ಬಿಣ ತಣ್ಣಗಾಗುತ್ತೆ. ಬೆಳಿಗ್ಗೆ ಗಾಳಿ ಬೇಗ ಬೆಚ್ಚಗಾಗುತ್ತೆ, ಅಷ್ಟು ದೊಡ್ಡ ಕಬ್ಬಿಣ ಬೇಗ ಬೆಚ್ಚಗಾಗಲ್ಲ. ಹಾಗಾಗಿ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತೆ. ಗಾಳಿ ಆಡ್ತಿದ್ರೆ ಮಧ್ಯಾಹ್ನದೊಳಗೆ ಒಂದಿಷ್ಟಾದ್ರೂ ಆರುತ್ತೆ. ಟಾರ್ಪಾಲು ಸುತ್ತಿದ್ರೆ ಆರೋ ದಾರಿನೇ ಇಲ್ಲ. ಜೊತೆಗೆ ಮಣ್ಣಿನ ನೆಲದಿಂದ ಏಳೋ ತೇವವೂ ಅದರೊಳಗೇ ಸೇರುತ್ತೆ. ನಾನು ಗಾಡಿಗೆ ರಕ್ಷಣೆ ಕೊಟ್ಟೆ ಅಂದ್ಕೊಂಡಿದ್ದೆ, ಕೊಟ್ಟಿದ್ದು ಹಬೆ ಸ್ನಾನ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ನಮ್ಮ ಕಡೆ ಹಳೇ ಗಾಡಿಗೆ ಮುಚ್ಚಿದ ಕೋಣೆ ಬೇಡ. ಬೇಕಿರೋದು ಸೋರದ ಮಾಡು, ಒಣ ನೆಲ ಮತ್ತು ಆಡೋ ಗಾಳಿ. ಆ ಟಾರ್ಪಾಲನ್ನ ಗಾಡಿ ನಿಲ್ಲಿಸೋ ನೆಲದ ಮೇಲೆ ಹಾಸಿ, ಮೇಲೆ ಹಲಗೆ ಇಟ್ಟು, ಅದರ ಮೇಲೆ ಗಾಡಿ ನಿಲ್ಲಿಸಿ. ನೆಲದ ತೇವ ಕೆಳಗೇ ನಿಲ್ಲುತ್ತೆ. ಎರಚಲು ಹೊಡೆಯೋ ದಿಕ್ಕಿಗೆ ಮಾತ್ರ ಒಂದು ತಡಿಕೆ ಕಟ್ಟಿ. ಸೀಟಿಗೆ, ಮೀಟರಿಗೆ ಧೂಳು ಬೀಳದಂತೆ ಹಳೇ ಹತ್ತಿ ಬಟ್ಟೆ ಸಾಕು.

ವಾರಕ್ಕೊಮ್ಮೆ ಸ್ಟಾರ್ಟ್ ಮಾಡೋದೂ ತಪ್ಪು

ಇಲ್ಲಿ ಅಪ್ಪನ ಜೊತೆಗೂ ನನಗೆ ಜಗಳ ಇದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು ಅವರ ಕಾಲದ ಪದ್ಧತಿ. ಡೀಸೆಲ್ ಉರಿದಾಗ ನೀರಿನ ಹಬೆಯೂ ಹುಟ್ಟುತ್ತೆ. ಇಂಜಿನ್ ಪೂರ್ತಿ ಬಿಸಿಯಾಗದೆ ಆಫ್ ಮಾಡಿದ್ರೆ ಆ ನೀರು ಸೈಲೆನ್ಸರಲ್ಲಿ, ಆಯಿಲಲ್ಲಿ ಉಳಿಯುತ್ತೆ. ಮಾಡೋದಾದ್ರೆ ತಿಂಗಳಿಗೊಮ್ಮೆ ಹೊರಗೆ ತಂದು ಅರ್ಧ ಗಂಟೆ ಓಡಿಸಿ, ಇಂಜಿನ್ ಚೆನ್ನಾಗಿ ಕಾಯಲಿ. ಆಗಲ್ಲ ಅಂದ್ರೆ ಮುಟ್ಟಲೇಬೇಡಿ. ಮುಚ್ಚಿದ ಕೋಣೆಯೊಳಗೆ ಮಾತ್ರ ಇಂಜಿನ್ ಓಡಿಸಬೇಡಿ, ಆ ಹೊಗೆ ಜೀವ ತೆಗೆಯುತ್ತೆ.

ನಿಲ್ಲಿಸೋ ದಿನ ನಾನು ಮಾಡೋದು

ಒಂದು ದಿನದ ಕೆಲಸ. ಬಿಸಿಲಿರೋ ದಿನ ಆರಿಸ್ಕೊಳ್ಳಿ.

* ಮೊದಲು ಮಣ್ಣು, ಗೊಬ್ಬರದ ಅಂಟು ಎಲ್ಲ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಎಲ್ಲ ನಿಪ್ಪಲಿಗೂ ಗ್ರೀಸ್ ಹೊಡೆಯಿರಿ. ಹೊಸ ಗ್ರೀಸ್ ಒಳಗಿನ ನೀರನ್ನ ಹೊರಗೆ ತಳ್ಳುತ್ತೆ.
* ಇಂಜಿನ್ ಆಯಿಲ್ ಮಳೆಗಾಲ ಮುಗಿದ ಮೇಲೆ ಬದಲಿಸೋದಲ್ಲ, ಮೊದಲೇ ಬದಲಿಸಿ. ಹಳೇ ಆಯಿಲಲ್ಲಿ ಆಮ್ಲ, ಮಸಿ, ತೇವ ಇರುತ್ತೆ. ನಾಲ್ಕು ತಿಂಗಳು ಅದು ಬೇರಿಂಗ್ ಮೇಲೇ ಕೂತಿರುತ್ತೆ. ಹೊಸದು ಹಾಕಿದ ಮೇಲೆ ಒಂದು ಸುತ್ತು ಓಡಿಸಿ.
* ಡೀಸೆಲ್ ಟ್ಯಾಂಕಿನ ತಳದ ನೀರು ಬಿಟ್ಟು, ಆಮೇಲೆ ಕಂಠದವರೆಗೆ ತುಂಬಿಸಿ. ಒಳಗೆ ಗಾಳಿಗೆ ಜಾಗ ಇಲ್ಲದಿದ್ರೆ ಬೆವರೋ ನೀರಿಗೂ ಜಾಗ ಇಲ್ಲ.
* ರೇಡಿಯೇಟರಿಗೆ ಬರೀ ಬಾವಿ ನೀರು ಬೇಡ, ಕೂಲೆಂಟ್ ಹಾಕಿ. ನಮಗೆ ಹೆಪ್ಪುಗಟ್ಟೋ ಭಯ ಇಲ್ಲ, ಆದ್ರೆ ಒಳಗಿನ ತುಕ್ಕು ತಡೆಯೋದೂ ಅದೇ.
* ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್. ಒಣ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಮೀಟರಲ್ಲಿ 12.6 ವೋಲ್ಟ್ ಇದ್ರೆ ಪೂರ್ತಿ ಚಾರ್ಜ್. 12.4ಕ್ಕಿಂತ ಕೆಳಗೆ ಬಿಡಬೇಡಿ.
* ಕ್ಲಚ್ ಪೆಡಲ್ ಒತ್ತಿ, ಒಂದು ಮರದ ತುಂಡು ಕೊಟ್ಟು ಹಾಗೇ ನಿಲ್ಲಿಸಿ. ಪ್ಲೇಟ್ ಅಂಟಲ್ಲ. ನನ್ನ ಖರ್ಚಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಸಬಹುದಾಗಿದ್ದು ಈ ಒಂದು ತುಂಡು ಮರ.
* ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಬ್ರೇಕೂ ಅಂಟುತ್ತೆ. ಚಕ್ರಕ್ಕೆ ಅಡ್ಡಕಲ್ಲು ಕೊಡಿ. ಹೈಡ್ರಾಲಿಕ್ ಲಿಫ್ಟ್ ಕೆಳಗಿಳಿಸಿ. ಟೈರಿಗೆ ಗಾಳಿ ಸರಿಯಾಗಿರಲಿ.
* ಸೈಲೆನ್ಸರ್ ಬಾಯಿಗೆ ತೆಂಗಿನ ಕರಟ ಕವುಚಿ. ಏರ್ ಕ್ಲೀನರ್ ಬಾಯಿಗೆ ತಂತಿ ಬಲೆ ಕಟ್ಟಿ, ಇಲಿಗೆ ಬಟ್ಟೆ ಲೆಕ್ಕಕ್ಕಿಲ್ಲ. ಏನೇನು ಮುಚ್ಚಿದೀರಿ ಅಂತ ಒಂದು ಚೀಟಿ ಬರೆದು ಸ್ಟೇರಿಂಗಿಗೆ ಕಟ್ಟಿ, ಫೋನಲ್ಲೂ ಒಂದು ಫೋಟೋ ಇರಲಿ.

ಇನ್ನೊಂದು ಮುಖ್ಯ ವಿಷಯ ನೆರೆಹೊರೆ. ಗೊಬ್ಬರದ ಚೀಲ ತೇವ ಎಳೆದು ಉಪ್ಪು ನೀರು ಬಿಡುತ್ತೆ. ಮೈಲುತುತ್ತ ಕಬ್ಬಿಣವನ್ನ ತಿನ್ನುತ್ತೆ, ಅದಕ್ಕೇ ಅಲ್ವಾ ಬೋರ್ಡೋ ದ್ರಾವಣವನ್ನ ಕಬ್ಬಿಣದ ಡ್ರಮ್ಮಲ್ಲಿ ಕಲಸಲ್ಲ? ಕೊಟ್ಟಿಗೆಯ ಗಂಜಲದಿಂದ ಏಳೋ ಅಮೋನಿಯಾ ತಾಮ್ರ ಹಿತ್ತಾಳೆಗೆ ಶತ್ರು, ಅಂದ್ರೆ ವೈರಿಂಗ್, ಹಳೇ ರೇಡಿಯೇಟರ್ ಎರಡಕ್ಕೂ. ಈ ಮೂರರ ಪಕ್ಕ ಟ್ರ್ಯಾಕ್ಟರ್ ನಿಲ್ಲಿಸಬೇಡಿ. ನಾನು ಮೂರರಲ್ಲಿ ಎರಡರ ಪಕ್ಕ ನಿಲ್ಲಿಸಿದ್ದೆ.

"ಹಳೇದು, ಗುಜರಿಗೆ ಹಾಕು" ಅನ್ನೋರಿಗೆ

ರಿಪೇರಿ ಬಿಲ್ ನೋಡಿ ಊರಲ್ಲಿ ಎಷ್ಟೋ ಜನ ಇದನ್ನೇ ಹೇಳಿದ್ರು. ಅವರ ಮಾತಲ್ಲೂ ನಿಜ ಇದೆ. ಗಾಡಿಗೆ ವರ್ಷಕ್ಕೆ ಆಗೋ ಖರ್ಚು ಅದು ಮಾಡೋ ಕೆಲಸದ ಬಾಡಿಗೆಗಿಂತ ಜಾಸ್ತಿ ಆದ್ರೆ ಭಾವನೆಗೆ ಬಿದ್ದು ಇಟ್ಕೊಳ್ಳಬೇಡಿ. ಆದ್ರೆ ಲೆಕ್ಕ ಹಾಕಿ ನೋಡಿ. ಮೇಲೆ ಹೇಳಿದ ಎಲ್ಲಕ್ಕೂ ನನಗೆ ವರ್ಷಕ್ಕೆ ಆಗೋದು ಮೂರು ಸಾವಿರ ಚಿಲ್ಲರೆ, ಡೀಸೆಲ್ ಬಿಟ್ಟು. ಎರಡೇ ಎಕರೆ ತೋಟಕ್ಕೆ ಹೊಸ ಟ್ರ್ಯಾಕ್ಟರ್ ಸಾಲ ಮಾಡಿದ್ರೆ ಕಂತು ಮಳೆಗಾಲದಲ್ಲೂ ನಿಲ್ಲಲ್ಲ. ನಮ್ಮ ಎಷ್ಟೋ ಹಳೇ ಗಾಡಿಗಳು ಸತ್ತಿದ್ದು ದುಡಿದು ಅಲ್ಲ, ಸುಮ್ಮನೆ ನಿಂತು.

ಹೋದ ಅಕ್ಟೋಬರಲ್ಲಿ ನಮ್ಮ ಗಾಡಿ ಎರಡನೇ ಸಲಕ್ಕೆ ಸ್ಟಾರ್ಟ್ ಆಯ್ತು. ಅದು ಈಗ ನಿಲ್ಲೋದು ಅಪ್ಪನ ಹಳೇ ತಗಡಿನ ಮಾಡಿನ ಕೆಳಗೇ. ಕೆಳಗಡೆ ನನ್ನ ಟಾರ್ಪಾಲು ಇದೆ. ಅಪ್ಪ ಈಗಲೂ ವಾರಕ್ಕೊಮ್ಮೆ ಕೀ ಎಲ್ಲಿ ಅಂತ ಕೇಳ್ತಾರೆ. ನಾನು ಬ್ಯಾಟರಿ ಬಿಚ್ಚಿಟ್ಟಿದೀನಿ ಅಂತೀನಿ.

ಈ ವಾರ ಮಳೆ ಸ್ವಲ್ಪ ಬಿಡುವು ಕೊಟ್ರೆ ಒಂದು ಸಲ ಹೋಗಿ ನಿಮ್ಮ ಟಾರ್ಪಾಲು ಎತ್ತಿ ನೋಡಿ. ಒಳಮೈಗೆ ಕೈ ಆಡಿಸಿ. ಕೈ ಒದ್ದೆ ಆದ್ರೆ ಇವತ್ತೇ ತೆಗೆದುಬಿಡಿ.